ದವಡೆಯ ಒಳಮೈ ನೋಡದೆ ಹೆಸರು ಬರೆಯಬೇಡಿ

ಮಾಂಸ ತಿನ್ನುವ ಡೈನೋಸಾರ್‌ಗಳು, ಅಂದರೆ ಥೆರೋಪಾಡ್‌ಗಳ ಎಲುಬು ಗುರುತಿಸುವುದು ನನ್ನ ಕೆಲಸ. ಪ್ಲಾಸ್ಟರ್ ಕಟ್ಟಿನಲ್ಲಿ ಬಂದ ತುಂಡುಗಳನ್ನು ಬಿಡಿಸಿ, ಅಂಟಿಕೊಂಡ ಕಲ್ಲು ತೆಗೆದು, ಇದು ಯಾವ ಗುಂಪಿನದು ಅಂತ ಹೇಳಬೇಕು. ಹೊಸದಾಗಿ ಸೇರಿದ ಹುಡುಗರು ದೊಡ್ಡ ದವಡೆ ಕಂಡ ತಕ್ಷಣ ಕೇಳುತ್ತಾರೆ: "ಸರ್, ಟಿ. ರೆಕ್ಸ್ ಥರಾನೇ ಇದೆ ಅಲ್ವಾ?"

ಹಾಗೆ ಅನ್ನಿಸುವುದು ಸಹಜ. ಆದರೆ ಗಾತ್ರ ನೋಡಿ ನೆಂಟಸ್ತಿಕೆ ಹೇಳಲಾಗದು.

ನಾನು ಅವರಿಗೆ ಹೇಳುವುದು ಮಧ್ಯಪ್ರದೇಶದ ಜಬಲ್ಪುರದ ಕಥೆ. ಅಲ್ಲಿನ ಬಾರಾ ಸಿಮ್ಲಾ ಗುಡ್ಡದಲ್ಲಿ 1917ರಿಂದ 1919ರವರೆಗೆ ಭೂವಿಜ್ಞಾನಿ ಚಾರ್ಲ್ಸ್ ಮ್ಯಾಟ್ಲಿ ಎಲುಬುಗಳನ್ನು ಅಗೆದು ತೆಗೆಸಿದರು. 1933ರಲ್ಲಿ ಅವುಗಳಿಂದ ಎರಡು ಥೆರೋಪಾಡ್‌ಗಳಿಗೆ ಇಂಡೋಸೂಕಸ್, ಇಂಡೋಸಾರಸ್ ಎಂಬ ಹೆಸರುಗಳು ಬಂದವು. ಮುಂದೆ ಕೆಲವು ತಜ್ಞರು ಇಂಡೋಸೂಕಸ್ಸನ್ನು ಟಿ. ರೆಕ್ಸ್ ಕುಟುಂಬಕ್ಕೇ ಸೇರಿಸಿದರು. 1985ರಲ್ಲಿ ಅರ್ಜೆಂಟೀನಾದ ಥೆರೋಪಾಡ್ ಅಬೆಲಿಸಾರಸ್ ಬೆಳಕಿಗೆ ಬಂದಿತು, ಅದರ ಹೆಸರಿನಲ್ಲೇ ಅಬೆಲಿಸಾರಿಡ್ ಎಂಬ ಹೊಸ ಕುಟುಂಬವೂ ಆಯಿತು. ಜಬಲ್ಪುರದ ಈ ಎರಡೂ ಪ್ರಾಣಿಗಳ ನಿಜವಾದ ಬಳಗ ಅದು. ಎಲುಬು ಕೈಯಲ್ಲೇ ಇತ್ತು, ಹೋಲಿಸಲು ಸರಿಯಾದ ಪ್ರಾಣಿ ಸಿಕ್ಕಿರಲಿಲ್ಲ ಅಷ್ಟೆ.

ಹಾಗಾದರೆ ನೋಡಬೇಕಾದದ್ದು ಎಲ್ಲಿ? ಮೇಲ್ದವಡೆಯ ತುಂಡನ್ನು ಮಗುಚಿ, ನಾಲಿಗೆ ಕಡೆಯ ಮೈ ಮೇಲೆ ಮಾಡಿ. ದೀಪವನ್ನು ಪಕ್ಕದಿಂದ ಓರೆಯಾಗಿ ಬಿಡಿ. ಹಲ್ಲಿನ ಗುಳಿಗಳ ನಡುವೆ ಸಣ್ಣ ಎಲುಬಿನ ಹಲಗೆಗಳು ಕಾಣುತ್ತವೆ. ಟಿ. ರೆಕ್ಸ್ ಬಳಗದಲ್ಲಿ ಅವು ಬಿಡಿಬಿಡಿ ತ್ರಿಕೋನಗಳು. ಅಬೆಲಿಸಾರಿಡ್‌ಗಳಲ್ಲಿ ಒಂದಕ್ಕೊಂದು ಬೆಸೆದು, ಮೇಲೆ ಉದ್ದುದ್ದ ಗೀರುಗಳಿರುತ್ತವೆ. ಬೆರಳಾಡಿಸಿದರೆ ಒರಟು ತಿಳಿಯುತ್ತದೆ. ಬೆಸೆದಿದ್ದರೆ ಸಾಕು ಅಂದುಕೊಳ್ಳಬೇಡಿ, ಬೇರೆ ಬಳಗದ ಥೆರೋಪಾಡ್ ಅಲ್ಲೋಸಾರಸ್‌ನಲ್ಲೂ ಬೆಸೆದಿರುತ್ತವೆ. ಆ ಗೀರುಗಳೂ ಬೇಕು. ಪಾದದ ಎಲುಬು ಸಿಕ್ಕರೆ ಇನ್ನೂ ಒಳ್ಳೆಯದು: ಟಿ. ರೆಕ್ಸ್‌ನಲ್ಲಿ ಮೂರು ಉದ್ದ ಎಲುಬುಗಳ ಪೈಕಿ ನಡುವಿನದು ಮೇಲ್ಭಾಗದಲ್ಲಿ ಕಡ್ಡಿಯಷ್ಟು ಸಣ್ಣಗಾಗಿರುತ್ತದೆ. ಅಬೆಲಿಸಾರಿಡ್‌ನಲ್ಲಿ ಹಾಗಾಗುವುದಿಲ್ಲ.

ಆದರೆ ಇದೆಲ್ಲಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ, ಈ ಎಲುಬುಗಳೆಲ್ಲ ಒಂದೇ ಪ್ರಾಣಿಯವಾ? ಅದೇ ಜಬಲ್ಪುರದ ಲಮೇಟಾಸಾರಸ್ಸನ್ನು 1920ರ ದಶಕದಲ್ಲಿ ಮೈಮೇಲೆ ಕವಚ ಹೊತ್ತ ಡೈನೋಸಾರ್ ಎಂದು ವರ್ಣಿಸಿದ್ದರು. ಸೊಂಟ, ಕಾಲು ಥೆರೋಪಾಡ್‌ನದು. ಕವಚದ ಬಿಲ್ಲೆಗಳು ಉದ್ದ ಕತ್ತಿನ ಟೈಟನೊಸಾರ್‌ನವು ಎಂದು ಈಗ ಗೊತ್ತಾಗಿದೆ.  ಅದಕ್ಕೇ ನಾನು ಫೀಲ್ಡ್ ನಕ್ಷೆ ಇಲ್ಲದೆ ಪೆಟ್ಟಿಗೆ ಬಿಚ್ಚಲು ಬಿಡುವುದಿಲ್ಲ. ಯಾವ ತುಂಡು ಯಾವುದರ ಪಕ್ಕ ಬಿದ್ದಿತ್ತು ಅನ್ನುವುದು ಎಲುಬಿನಷ್ಟೇ ಮುಖ್ಯ.

ಒಂದೇ ತುಂಡಿನ ಮೇಲೆ ಭಾರ ಹಾಕುವುದೂ ಅಪಾಯ. ಮಡಗಾಸ್ಕರ್‌ನ ಒಂದು ದಪ್ಪ ನೆತ್ತಿ ಎಲುಬನ್ನು 1979ರಲ್ಲಿ ಗುಮ್ಮಟತಲೆಯ ಸಸ್ಯಾಹಾರಿಯದು ಅಂದುಕೊಂಡಿದ್ದರು. 1996ರಲ್ಲಿ ಚೆನ್ನಾಗಿ ಉಳಿದ ತಲೆಬುರುಡೆ ಸಿಕ್ಕಿದಾಗ ಅದೂ ಅಬೆಲಿಸಾರಿಡ್, ಮಜುಂಗಾಸಾರಸ್. ಗುಜರಾತಿನ ರಹಿಯೋಲಿಯ ರಾಜಾಸಾರಸ್‌ಗೆ 2003ರಲ್ಲಿ ಹೆಸರಿಟ್ಟಾಗ ಕೆಲಸ ಎಷ್ಟೋ ಗಟ್ಟಿಯಾಗಿತ್ತು, ಯಾಕೆಂದರೆ ಮೆದುಳುಗೂಡಿನ ಜೊತೆ ಬೆನ್ನು, ಸೊಂಟ, ಹಿಂಗಾಲು, ಬಾಲದ ಎಲುಬುಗಳೂ ಇದ್ದವು. ನನಗೆ ತುಂಬಾ ಹೆಮ್ಮೆ ಅನ್ನಿಸುವ ಪ್ರಾಣಿ ಅದು.

ಬರೀ ಒಂದು ಹಲ್ಲು ಬಂದರೆ ನಮ್ಮ ರಿಜಿಸ್ಟರಿನಲ್ಲಿ "ಥೆರೋಪಾಡ್, ಅಬೆಲಿಸಾರಿಡ್ ಇರಬಹುದು" ಅಂತ ಬರೆಸುತ್ತೇನೆ. ಮುಂದಿನ ಕಾಲಂ, ಅಂದರೆ ಪ್ರಾಣಿಯ ಹೆಸರಿನದು, ಖಾಲಿ ಬಿಡಿಸುತ್ತೇನೆ. ಹುಡುಗರಿಗೆ ಅದು ಇಷ್ಟವಾಗುವುದಿಲ್ಲ, ಆದರೂ ಬಿಡಿಸುತ್ತೇನೆ.