ಮೇಲಿನ ಸಾಲು ಯಾರ ಹೆಸರಿಗೆ?

ಕಾಫಿ ತೋಟದಲ್ಲಿ ನನ್ನನ್ನು ‘ರೈಟರ್’ ಎಂದು ಕರೆಯುತ್ತಾರೆ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರು ಮಾತ್ರ ನಾನು ಕತೆ ಬರೆಯುವವನೇನೋ ಎಂದುಕೊಳ್ಳುತ್ತಾರೆ. ನಾನು ಬರೆಯುವುದು ಹಾಜರಿ, ತೂಕ, ಮುಂಗಡ, ಗೊಬ್ಬರದ ಚೀಲದ ಲೆಕ್ಕ, ವಾರದ ಬಟವಾಡೆ. ಸಿದ್ದಾಪುರ ಸುತ್ತಿನ ತೋಟಗಳಲ್ಲಿ ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ. ಕೊಯ್ಲಿನ ಕೆಲಸದ ಒಬ್ಬ ಹೆಂಗಸಿಗೆ ಆದ ಕಿರುಕುಳದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅದು ನಡೆದ ತೋಟ ಯಾವುದೆಂದು ಹೇಳುವುದಿಲ್ಲ. ಆಕೆಯ ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲೇ ಎಂದು ಕೇಳಿದಾಗ, “ನಿಮ್ಮ ತಪ್ಪನ್ನೂ ಬರೆಯುವುದಾದರೆ ಬರೆಯಿರಿ” ಎಂದರು.

ಜನವರಿ ಬಂತೆಂದರೆ ರೋಬಸ್ಟಾ ಕಾಫಿ ಕೊಯ್ಲಿನ ಗಡಿಬಿಡಿ. ಗಿಡ ಹೂ ಬಿಡಿಸುವ ಹೂಮಳೆ ಬೀಳುವ ಮುಂಚೆ ಗಿಡದ ಹಣ್ಣು ಇಳಿಯಬೇಕು. ಕೂಲಿ ಕೆ.ಜಿ. ಲೆಕ್ಕದಲ್ಲಿ. ಬೆಳಿಗ್ಗೆ ಯಾರಿಗೆ ಯಾವ ಸಾಲು ಎಂದು ಆಳುಗಳ ಉಸ್ತುವಾರಿ ನೋಡುವ ಮೇಸ್ತ್ರಿ ಹೇಳುತ್ತಾನೆ. ಸಂಜೆ ಚೀಲಗಳು ತಕ್ಕಡಿಗೆ ಬರುತ್ತವೆ. ಮೇಸ್ತ್ರಿ ಕೂಗುತ್ತಾನೆ, ನಾನು ಬರೆಯುತ್ತೇನೆ. “ಅರವತ್ತೆರಡು, ಎರಡು ಕಡಿತ, ಅರವತ್ತು.” ಆ ಎರಡು ಕೆ.ಜಿ. ಎಂದರೆ ಚೀಲದ ತೂಕ, ಎಲೆ, ಕಡ್ಡಿ. ಬೆಳಕು ಹೋಗುವುದರೊಳಗೆ ಎಪ್ಪತ್ತು ಜನರ ಚೀಲ ತೂಗಿ ಮುಗಿಯಬೇಕು. ತಲೆ ಎತ್ತಿ ನೋಡುವ ಪುರುಸೊತ್ತು ನನಗಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಹಾಗೆ ಹೇಳಿಕೊಂಡೇ ಅಷ್ಟು ವರ್ಷ ಕಳೆದಿದ್ದೆ.

ಕೆ.ಜಿ. ಲೆಕ್ಕದ ಕೆಲಸದಲ್ಲಿ ಯಾವ ಸಾಲು ಸಿಕ್ಕಿತು ಎನ್ನುವುದರ ಮೇಲೆ ಆ ದಿನದ ಅನ್ನ ನಿಂತಿರುತ್ತದೆ. ಕೆರೆಯ ಕೆಳಗಿನ ಸಾಲುಗಳಲ್ಲಿ ಗಿಡ ಗೊಂಚಲು ಗೊಂಚಲಾಗಿ ಹಿಡಿದಿರುತ್ತದೆ. ನಿಂತಲ್ಲೇ ಬುಟ್ಟಿ ತುಂಬುತ್ತದೆ. ಮೇಲಿನ ಗಡಿಯಲ್ಲಿ, ಆನೆ ಕಂದಕದ ಪಕ್ಕ, ಹಣ್ಣು ತೆಳು, ನೆಲ ಇಳಿಜಾರು. ಕಂದಕ ಕುಸಿದ ಕಡೆಯಲ್ಲಿ ಆನೆ ಇಳಿದು ಹೋದ ಗುರುತು ಬೇರೆ. ತುಂಬಿದ ಚೀಲವನ್ನು ಅಲ್ಲಿಂದ ತಲೆಯ ಮೇಲೆ ಹೊತ್ತು ತಕ್ಕಡಿಯವರೆಗೆ ಇಳಿಯಬೇಕು. ಇನ್ನು ಉದುರು ಹೆಕ್ಕುವ ಕೆಲಸ. ನೆಲಕ್ಕೆ ಬಿದ್ದ ಹಣ್ಣನ್ನು ಬಿಟ್ಟರೆ ಅದರೊಳಗೆ ಕಾಯಿಕೊರಕ ಹುಳು ಉಳಿದುಕೊಂಡು ಮುಂದಿನ ಫಸಲಿಗೆ ಹತ್ತುತ್ತದೆ, ಹೆಕ್ಕಲೇಬೇಕು. ಆದರೆ ದಿನವಿಡೀ ಬಗ್ಗಿ ಹೆಕ್ಕಿದರೂ ಚೀಲ ಅರ್ಧ ತುಂಬುವುದಿಲ್ಲ.

ಎಲ್ಲವೂ ಮಾಡಲೇಬೇಕಾದ ಕೆಲಸಗಳು ಎಂಬುದನ್ನು ಗಮನಿಸಿ. ಗಡಿಯ ಸಾಲನ್ನು ಯಾರಾದರೂ ಕೊಯ್ಯಲೇಬೇಕು, ಉದುರನ್ನು ಯಾರಾದರೂ ಹೆಕ್ಕಲೇಬೇಕು. ಮೇಸ್ತ್ರಿಯ ಬಾಯಲ್ಲಿ ಯಾವತ್ತೂ ಒಂದು ಸರಿಯಾದ ಕಾರಣ ಇದ್ದೇ ಇರುತ್ತದೆ.

ಫೆಬ್ರವರಿ ನಡುವಿನ ಒಂದು ಸಂಜೆ, ತೂಕ ಮುಗಿದು ಎಲ್ಲರೂ ಲೈನ್ ಮನೆಗಳ, ಅಂದರೆ ಕೂಲಿಯವರ ಸಾಲುಮನೆಗಳ, ಕಡೆ ಹೊರಟ ಮೇಲೆ, ಆಕೆ ಮಾತ್ರ ನಿಂತರು. ನಲವತ್ತು ದಾಟಿದ ಹೆಂಗಸು, ತೋಟದಲ್ಲೇ ಕೈ ಚುರುಕಾದ ನಾಲ್ಕೈದು ಜನರಲ್ಲಿ ಒಬ್ಬರು. “ರೈಟರೇ, ಹೊಸ ವರ್ಷದಿಂದ ನನ್ನ ಹೆಸರಿನ ಮುಂದೆ ಏನೇನು ಬರೆದಿದ್ದೀರಿ, ಒಮ್ಮೆ ಓದಿ ಹೇಳಿ” ಎಂದರು. ತೂಕದಲ್ಲಿ ಅನುಮಾನವೇನೋ ಎಂದುಕೊಂಡು ಸ್ವಲ್ಪ ಬೇಸರದಿಂದಲೇ ಪುಸ್ತಕ ತೆರೆದೆ.

ಜನವರಿ ಮೊದಲ ವಾರ: ಕೆರೆ ಸಾಲು, ಕೆರೆ ಸಾಲು, ನಡುಸಾಲು. ಎಂಬತ್ತೆಂಟು, ತೊಂಬತ್ತೊಂದು, ಎಂಬತ್ತನಾಲ್ಕು ಕೆ.ಜಿ. ಎರಡನೆಯ ವಾರದ ಬುಧವಾರದಿಂದ: ಮೇಲಿನ ಗಡಿ. ಮೇಲಿನ ಗಡಿ. ಉದುರು. ಮೇಲಿನ ಗಡಿ. ಉದುರು. ಮೂವತ್ತೊಂಬತ್ತು, ನಲವತ್ತೆರಡು, ಹದಿನೆಂಟು. ಕಡಿತದ ಜಾಗದಲ್ಲಿ ಎರಡರ ಬದಲು ನಾಲ್ಕು. ಪ್ರತಿ ದಿನವೂ ನಾಲ್ಕು. ಐದು ವಾರ. ಎಲ್ಲವೂ ನನ್ನದೇ ಕೈಬರಹ. ಓದುತ್ತಾ ಓದುತ್ತಾ ನನ್ನ ದನಿ ಸಣ್ಣದಾಯಿತು.

“ಆ ಬುಧವಾರದ ಹಿಂದಿನ ಸಂಜೆ ಏನಾಯಿತು ಅಂತ ನೀವು ಕೇಳಲಿಲ್ಲ” ಎಂದರು.

ಮೇಸ್ತ್ರಿ ಕರೆದಿದ್ದನಂತೆ. ಕತ್ತಲಾದ ಮೇಲೆ, ಖಾಲಿ ಚೀಲ ಕೊಡುವ ನೆಪದಲ್ಲಿ, ಗೋದಾಮಿಗೆ, ಒಬ್ಬಳೇ. ಆಕೆ ಹೋಗಲಿಲ್ಲ. ಅವನು ಬೈಯಲಿಲ್ಲ, ಮೈ ಮುಟ್ಟಲಿಲ್ಲ, ಕೂಗಾಡಲಿಲ್ಲ. ಮರುದಿನ ಬೆಳಿಗ್ಗೆ ಸಾಲು ಬದಲಾಯಿತು, ಅಷ್ಟೇ.

ಕಿರುಕುಳ ಎಂದರೆ ಕಣ್ಣಿಗೆ ಕಾಣುವಂಥದ್ದು, ಕಿವಿಗೆ ಕೇಳುವಂಥದ್ದು ಎಂದು ನಾನು ತಿಳಿದಿದ್ದೆ. ಇಲ್ಲಿ ಅದು ನನ್ನ ಪುಸ್ತಕದಲ್ಲಿ, ನೀಲಿ ಶಾಯಿಯಲ್ಲಿ, ಸಾಲಾಗಿ ಕೂತಿತ್ತು. ಹಾಗೆಂದು ಕಠಿಣ ಮೇಸ್ತ್ರಿಗಳೆಲ್ಲ ಕಿರುಕುಳ ಕೊಡುವವರಲ್ಲ. ಬಾಯಿ ಕೆಟ್ಟ, ಆದರೆ ಗಡಿಯ ಸಾಲನ್ನು ಸರದಿ ತಪ್ಪದೆ ಎಲ್ಲರಿಗೂ ಹಂಚುವ ಮೇಸ್ತ್ರಿಯನ್ನು ನಾನು ಕಂಡಿದ್ದೇನೆ. ತನ್ನ ತಮ್ಮನನ್ನೂ ಬಿಡುತ್ತಿರಲಿಲ್ಲ. ನಾನು ಈಗ ನೋಡುವುದು ಎರಡನ್ನು: ಕಷ್ಟದ ಕೆಲಸ ಸುತ್ತು ಹೊಡೆಯುತ್ತಿದೆಯೇ, ಒಂದೇ ಹೆಸರಿನ ಮೇಲೆ ಕೂತಿದೆಯೇ? ಕೂತಿದ್ದರೆ, ಯಾವ ದಿನದಿಂದ?

ಮರುದಿನ 15100ಕ್ಕೆ ಫೋನ್ ಮಾಡಿದೆ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಅಲ್ಲಿಂದ ದಾರಿ ಹಿಡಿದು ಮಡಿಕೇರಿಯಲ್ಲಿ ಒಬ್ಬ ವಕೀಲೆಯನ್ನು ಇಬ್ಬರೂ ಹೋಗಿ ಕಂಡೆವು. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳ ಕೊಡುವುದನ್ನು ತಡೆಯುವ 2013ರ ಕಾಯ್ದೆ ಆಫೀಸಿನವರಿಗಷ್ಟೇ ಎಂದು ನಾನು ನಂಬಿದ್ದೆ. ದಿನಗೂಲಿಯವರಿಗೂ ಇದೆ, ಗುತ್ತಿಗೆದಾರನ ಮೂಲಕ ಬಂದವರಿಗೂ ಇದೆ. ಒಪ್ಪದಿದ್ದರೆ ಕೆಲಸದಲ್ಲಿ ತೊಂದರೆ ಕೊಡುತ್ತೇನೆ ಎಂಬ ಬೆದರಿಕೆ, ಅದು ಬಾಯಿಬಿಟ್ಟು ಹೇಳದ ಸೂಚನೆಯಾಗಿದ್ದರೂ, ಕಾಯ್ದೆಯೊಳಗೆ ಬರುತ್ತದೆ. ಆದ್ದರಿಂದಲೇ ವಕೀಲೆ ಮೊದಲು ಕೇಳಿದ್ದು ಹಾಜರಿ, ತೂಕ ಬರೆಯುವ ನನ್ನ ಚೆಕ್‌ರೋಲ್ ಪುಸ್ತಕವನ್ನು.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವಲ್ಲಿ ಒಂದು ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು. ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ನಮ್ಮಲ್ಲಿ ಎಪ್ಪತ್ತು ಜನ, ಸಮಿತಿ ಇರಲಿಲ್ಲ. ಹತ್ತಕ್ಕಿಂತ ಕಡಿಮೆ ಜನ ಇರುವ ಜಾಗದವರು, ಅಥವಾ ಮಾಲೀಕನ ಮೇಲೆಯೇ ದೂರು ಇರುವವರು, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಲಿಖಿತವಾಗಿರಬೇಕು, ಬರೆಯಲು ಬಾರದವರಿಗೆ ಸಮಿತಿಯವರೇ ನೆರವಾಗಬೇಕು. ಘಟನೆ ನಡೆದು ಮೂರು ತಿಂಗಳೊಳಗೆ ಕೊಡಬೇಕು, ಒಂದರ ಹಿಂದೆ ಒಂದು ನಡೆದಿದ್ದರೆ ಕೊನೆಯದರಿಂದ ಲೆಕ್ಕ. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು.

ಹೇಳಿಕೆ ಬರೆಯಲು ಕೂತಾಗ ಇನ್ನೊಂದು ಪಾಠವಾಯಿತು. ನಾನು ಪತ್ರಿಕೆಯ ಭಾಷೆಯಲ್ಲಿ, “ಮೇಸ್ತ್ರಿಯು ನನ್ನೊಂದಿಗೆ ಅನುಚಿತವಾಗಿ ವರ್ತಿಸಿರುತ್ತಾನೆ” ಎಂದು ಬರೆದು ಓದಿದೆ. ಆಕೆಗೆ ಕೋಪ ಬಂತು. “ಹಾಗೆಂದರೆ ಏನು? ಅವನು ಏನು ಹೇಳಿದನೋ ಅದನ್ನು ಬರೆಯಿರಿ.” ಆ ಸಾಲು ಹೊಡೆದು ಹಾಕಿ ಬರೆದೆ: ಮಂಗಳವಾರ ಸಂಜೆ, ಎಲ್ಲರೂ ಹೋದ ಮೇಲೆ, ‘ಗೋದಾಮಿಗೆ ಒಬ್ಬಳೇ ಬಾ, ಚೀಲ ಕೊಡುತ್ತೇನೆ’ ಎಂದ. ‘ಚೀಲ ನನ್ನ ಹತ್ತಿರ ಇದೆ’ ಎಂದೆ. ‘ಹಾಗಾದರೆ ನಾಳೆಯಿಂದ ಮೇಲೆ ಹೋಗಿ ಆನೆ ನೋಡು’ ಎಂದು ನಕ್ಕ. ಈ ಕೊನೆಯ ಮಾತನ್ನು ಆಕೆ ನನಗೆ ಅದುವರೆಗೆ ಹೇಳಿರಲೇ ಇಲ್ಲ. ನನ್ನ ‘ಅನುಚಿತ’ದಲ್ಲಿ ಅದು ಮುಚ್ಚಿಹೋಗುತ್ತಿತ್ತು.

ಆಕೆ ದೂರು ಕೊಡಲಿಲ್ಲ. ಅವರ ಲೈನ್ ಮನೆ ತೋಟದ್ದು. ತಂಗಿಯ ಗಂಡನಿಗೆ ಮುಂಗಡ ಕೊಡಿಸಿದ್ದು ಇದೇ ಮೇಸ್ತ್ರಿ. ಮಗಳ ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಿತ್ತು. ನಾನು ಒತ್ತಾಯಿಸಲು ಹೋಗಿ ಬೈಸಿಕೊಂಡೆ. ಧೈರ್ಯ ಹೇಳುವವರು ತಮ್ಮ ಮನೆಗೆ ಹೋಗಿ ಮಲಗುತ್ತಾರೆ ಎಂಬುದು ಅವರ ಮಾತು. ಕಾಗದಕ್ಕೆ ತಾರೀಖು ಹಾಕಿ, ಹೆಬ್ಬೆಟ್ಟು ಒತ್ತಿ, ಪೆಟ್ಟಿಗೆಯಲ್ಲಿಟ್ಟುಕೊಂಡರು. ಅವರು ಬಯಸಿದ್ದು ಮೂರೇ: ಸಾಲು ಸರದಿಯಂತೆ ಬರಬೇಕು, ಕಡಿದ ತೂಕದ ದುಡ್ಡು ವಾಪಸ್ ಸಿಗಬೇಕು, ಚೀಲ ಕೊಡುವ ಕೆಲಸ ಮೇಸ್ತ್ರಿಯ ಕೈಯಿಂದ ಹೋಗಬೇಕು.

ಮ್ಯಾನೇಜರ್ ಮುಂದೆ ಪುಸ್ತಕ ಇಟ್ಟವನು ನಾನು. ಆಕೆಯೂ ಬಂದಿದ್ದರು, ಜೊತೆಗೆ ಮೂವರು ಹೆಂಗಸರು. ಇದು ಆಕೆಯದೇ ಯೋಚನೆ: ಒಬ್ಬಳೇ ಹೋದರೆ ಜಗಳಗಂಟಿ, ನಾಲ್ವರು ಹೋದರೆ ಲೆಕ್ಕ ಕೇಳುವವರು. ಮ್ಯಾನೇಜರ್ ಮೊದಲು, “ಇವೆಲ್ಲ ಬೆಂಗಳೂರಿನ ಕಂಪೆನಿಗಳಿಗೆ, ತೋಟದಲ್ಲಿ ಇದೆಲ್ಲ ಇದ್ದದ್ದೇ” ಎಂದರು. ಐದು ವಾರದ ಅಂಕಿಗಳನ್ನು ಬೆರಳಿಟ್ಟು ಓದಿದ ಮೇಲೆ ಸುಮ್ಮನಾದರು. ಕಡಿತದ ದುಡ್ಡು ಬಂತು. ಚೀಲ ಹಂಚುವ ಕೆಲಸ ನನಗೆ ಬಂತು. ಮೇಸ್ತ್ರಿಯನ್ನು ಕಾಫಿ ಒಣಗಿಸುವ ಕಣಕ್ಕೆ ಹಾಕಿದರು. ಅವನ ಕೆಲಸ ಹೋಗಲಿಲ್ಲ. ಕೂಲಿಯಾಳುಗಳನ್ನು ಕರೆತರುವವನು ಅವನೇ ಆದ್ದರಿಂದ ಹೋಗುವುದೂ ಇಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಸಮಿತಿ ಮಾಡುತ್ತೇವೆ ಎಂದರು. ನಾನು ಆ ತೋಟ ಬಿಡುವವರೆಗೆ ಮಾಡಿರಲಿಲ್ಲ.

ಬಿಸಿ ನನಗೂ ತಟ್ಟಿತು. ಹತ್ತು ಗಂಟೆಗೆ ನನ್ನ ಮೇಜಿಗೆ ಬರುತ್ತಿದ್ದ ಕಾಫಿ ನಿಂತಿತು. ಗೊಬ್ಬರದ ದಾಸ್ತಾನನ್ನು ವಾರಕ್ಕೆ ಎರಡು ಸಲ ಎಣಿಸಿ ತೋರಿಸಬೇಕಾಯಿತು. ಆಕೆಗೂ ನನಗೂ ಸಂಬಂಧ ಕಟ್ಟಿದ ಮಾತು ಸಂತೆಯವರೆಗೂ ಹೋಗಿ, ನನ್ನ ಹೆಂಡತಿಯ ಕಿವಿಗೆ ಬಿತ್ತು. ಅವಳಿಗೆ ಮೊದಲೇ ಎಲ್ಲವನ್ನೂ ಹೇಳಿದ್ದರಿಂದ ಬದುಕಿಕೊಂಡೆ. ಆ ದಿನಗಳಲ್ಲಿ ನಾನು ಬೇರೊಂದು ಸಣ್ಣ ನೋಟ್‌ಬುಕ್ ಇಟ್ಟೆ, ತಾರೀಖು, ಹೊತ್ತು, ಯಾರು, ಏನೆಂದರು, ಪಕ್ಕದಲ್ಲಿ ಯಾರಿದ್ದರು ಎಂದು. ರಾತ್ರಿ ತಲೆಯಲ್ಲಿ ಸುತ್ತುತ್ತಿದ್ದುದನ್ನು ಕಾಗದಕ್ಕೆ ಇಳಿಸಿದರೆ ನಿದ್ದೆಯಾದರೂ ಬರುತ್ತಿತ್ತು.

ಈಗ ಬೇರೆ ತೋಟದಲ್ಲಿದ್ದೇನೆ. ಪುಸ್ತಕದಲ್ಲಿ ಎರಡು ಕಾಲಂ ಹೆಚ್ಚಿಗೆ ಎಳೆದಿದ್ದೇನೆ: ಚೀಲ ಸಮೇತ ತೂಕ, ಸಾಲು ಹೇಳಿದವರು ಯಾರು. ತೂಕವನ್ನು ನಾನು ಬರೆಯುವ ಮೊದಲು ಕೊಯ್ದವರೇ ತಕ್ಕಡಿಯ ಮುಳ್ಳು ನೋಡಿ ಹೇಳುತ್ತಾರೆ. ಇದರಿಂದ ಸಂಜೆ ಅರ್ಧ ಗಂಟೆ ತಡವಾಗುತ್ತದೆ, ಇಲ್ಲಿನ ಮೇಸ್ತ್ರಿಗೆ ಅದು ತಲೆನೋವು.

ಈ ಜನವರಿಯಲ್ಲಿ ಹೊಸದಾಗಿ ಬಂದ ಹುಡುಗಿಯೊಬ್ಬಳ ಹೆಸರಿನ ಮುಂದೆ ಮೂರು ದಿನ ಸತತವಾಗಿ ‘ಮೇಲಿನ ಗಡಿ’ ಬಂತು. ನಾಲ್ಕನೆಯ ಬೆಳಿಗ್ಗೆ ಸರದಿ ಯಾರದು ಎಂದು ಮೇಸ್ತ್ರಿಯನ್ನು ಕೇಳಿದೆ. “ಅವಳೇ ಕೇಳಿ ಹಾಕಿಸಿಕೊಂಡಿದ್ದು ರೈಟರೇ” ಎಂದು ಮುಖ ಗಂಟಿಕ್ಕಿದ. ಅವನಿಲ್ಲದಾಗ ಅವಳನ್ನೇ ಕೇಳಿದೆ. ಹೌದಂತೆ, ಪಕ್ಕದ ತೋಟದಲ್ಲಿ ಅವಳ ಅಕ್ಕ ಕೊಯ್ಯುತ್ತಾಳಂತೆ, ಕಂದಕದ ಆಚೆ ಈಚೆ ನಿಂತು ಮಾತಾಡಬಹುದಂತೆ. ಅದನ್ನೂ ಕಾಲಂನಲ್ಲಿ ಬರೆದೆ.