ಏಪ್ರಿಲ್‌ನಲ್ಲೇ ಮೇಲಿದ್ದಾರಲ್ಲ, ಈ ಸಲ ಗೆಲ್ಲುತ್ತಾರೆಯೇ?

ಇಲ್ಲ. ಗೆಲ್ಲುವುದಿಲ್ಲ. ಅವಸರವಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಅವರು ಕೊನೆಯ ಸಲ ಕಪ್ ಗೆದ್ದ 1979ರಿಂದ ಈಚೆಗೆ ಈ ಉತ್ತರ ಒಮ್ಮೆಯೂ ಸುಳ್ಳಾಗಿಲ್ಲ.

ನಾನು ಪಿಟ್ಸ್‌ಬರ್ಗ್‌ನಲ್ಲಿದ್ದೇನೆ, ಇಲ್ಲಿನ ಪೈರೇಟ್ಸ್ ಎಂಬ ಬೇಸ್‌ಬಾಲ್ ತಂಡದ ಹುಚ್ಚು ಹಚ್ಚಿಕೊಂಡಿದ್ದೇನೆ. ಈ ಎರಡು ಸಂಗತಿ ತಿಳಿದವರೆಲ್ಲ ಏಪ್ರಿಲ್ ಬಂತೆಂದರೆ ಕೇಳಲು ಶುರುಮಾಡುತ್ತಾರೆ. ತಂಡ ಮೇಲಿದ್ದರೆ, "ಈ ಸಲ ಕಪ್ ನಿಮ್ಮದೇ ಅನ್ನಿ." ಕೆಳಗಿದ್ದರೆ, "ಮುಗಿಯಿತಲ್ಲ ನಿಮ್ಮ ಕಥೆ." ದನಿ ಮಾತ್ರ ಎರಡಕ್ಕೂ ಒಂದೇ: ನೆಂಟರ ಮನೆಯ ಹುಡುಗನ ಪಿಯುಸಿ ಅಂಕ ವಿಚಾರಿಸುವ ದನಿ.

ಮೈಸೂರಿನಿಂದ ಚಿಕ್ಕಪ್ಪ ಫೋನ್ ಮಾಡಿ ಕೇಳಿದರೆ ಕ್ಷಮಿಸುತ್ತೇನೆ. ಅವರ ಲೆಕ್ಕ ಐಪಿಎಲ್ ಲೆಕ್ಕ. ಅಲ್ಲಿ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ. ನಾಲ್ಕು ಸೋತರೆ ಎದೆ ಹೊಡೆದುಕೊಳ್ಳುವುದು ನ್ಯಾಯವೇ. ಇಲ್ಲಿ 162. ಮಾರ್ಚ್ ಕೊನೆಯಲ್ಲಿ ಶುರುವಾದರೆ ಸೆಪ್ಟೆಂಬರ್ ಮುಗಿಯುವವರೆಗೆ ಹೆಚ್ಚುಕಡಿಮೆ ದಿನವೂ ಆಟ. 28 ಪಂದ್ಯ ಮುಗಿದರೂ ಐಪಿಎಲ್ ಲೆಕ್ಕದಲ್ಲಿ ಎರಡೂವರೆ ಪಂದ್ಯ ಕೂಡ ಆಗಿರುವುದಿಲ್ಲ. ಅದೂ ಹೋಗಲಿ, 2024ರಲ್ಲಿ ನಮ್ಮ ಆರ್‌ಸಿಬಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ಸೇರಿತು. ಆ ಏಪ್ರಿಲ್‌ನಲ್ಲಿ ಟಿವಿ ಆರಿಸಿ, "ಇನ್ನು ಈ ಮನೆಯಲ್ಲಿ ಕ್ರಿಕೆಟ್ ಮಾತೇ ಬೇಡ" ಎಂದಿದ್ದು ಇದೇ ಚಿಕ್ಕಪ್ಪ.

ನನಗೆ ರೇಗುವುದು ಇಲ್ಲಿಯವರೇ ಕೇಳಿದಾಗ. 2023ರ ಏಪ್ರಿಲ್ 30, ಭಾನುವಾರ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ದರ್ಶನ ಮುಗಿಸಿ ಕೆಳಗೆ ಪುಳಿಯೋಗರೆ ತಟ್ಟೆ ಹಿಡಿದು ಕುಳಿತಿದ್ದೆ. ಹಿಂದಿನ ರಾತ್ರಿಯ ಹೊತ್ತಿಗೆ ಪೈರೇಟ್ಸ್ 20 ಗೆದ್ದು 8 ಸೋತಿತ್ತು. ಅದಕ್ಕೂ ಹಿಂದಿನ ಎರಡು ವರ್ಷ ನೂರು, ನೂರೊಂದು ಸೋತ ತಂಡ ಇದು! ಪರಿಚಯದ ಹಿರಿಯರೊಬ್ಬರು ಎದುರು ಬಂದು ಕುಳಿತು, ಮೊಸರನ್ನ ಕಲಸುತ್ತಾ, "ಏನಮ್ಮ, ನಿಮ್ಮವರು ಗೆದ್ದೇಬಿಟ್ಟರಂತೆ?" ಎಂದರು. ಗೆದ್ದೇಬಿಟ್ಟರು! ಇನ್ನೂ 134 ಪಂದ್ಯ ಬಾಕಿ. ಕೊಲೊರಾಡೊದವರನ್ನು ಅವರ ಊರಲ್ಲೇ ಮೂರಕ್ಕೆ ಮೂರೂ ಸೋಲಿಸಿದ್ದೇನೋ ನಿಜ, ಆದರೆ ಆ ಕೊಲೊರಾಡೊ ಹೇಗಿದೆ ನೋಡಿದಿರಾ, ಚಳಿಯಲ್ಲಿ ಚೆಂಡು ದೂರ ಹೋಗುವುದಿಲ್ಲ, ನಮ್ಮ ಆಟಗಾರ ಓನೀಲ್ ಕ್ರೂಸ್ ಆಗಲೇ ಕಾಲು ಮುರಿದುಕೊಂಡಿದ್ದಾನೆ, ಸರದಿಯಂತೆ ಚೆಂಡೆಸೆಯುವ ಐವರು ಪಿಚರ್‌ಗಳಲ್ಲಿ ಇಬ್ಬರು ದಣಿದರೆ ವಾರಕ್ಕೆ ಮೂರು ಸೋಲು ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಉಪ್ಪಿನಕಾಯಿ ನನ್ನತ್ತ ಸರಿಸಿ, "ನಕಾರ ಮಾತಾಡಬಾರದಮ್ಮ" ಎಂದರು.

ಈಗ ಒಂದು ತಪ್ಪೊಪ್ಪಿಗೆ. ಅಷ್ಟೆಲ್ಲ ಉಪದೇಶ ಮಾಡಿ ಮನೆಗೆ ಬಂದವಳು, ದಸರೆಗೆ ಊರಿಗೆ ಹೋಗಲು ವಿಮಾನದ ಟಿಕೆಟ್ ತೆಗೆಯಲು ಕುಳಿತಿದ್ದ ಗಂಡನನ್ನು ತಡೆದೆ. "ಸ್ವಲ್ಪ ತಡೆಯಿರಿ, ಅಕ್ಟೋಬರ್‌ನಲ್ಲಿ ಪ್ಲೇಆಫ್ ಇರುತ್ತದೆ."

ಅದೇ ದಿನ ಸೋತರು. ಮಂಗಳವಾರದಿಂದ ಟ್ಯಾಂಪಾ ಬೇ ತಂಡದ ಊರಲ್ಲಿ ಮೂರು ಸೋಲು, ಮನೆಗೆ ಬಂದು ಟೊರಾಂಟೊ ಕೈಯಲ್ಲಿ ಮೂರು. ಕೊನೆಗೆ 76 ಗೆಲುವು, 86 ಸೋಲು. ಆ ಕೊಲೊರಾಡೊ ಕೂಡ ಆ ವರ್ಷ 103 ಸೋತಿತು, ನಾನು ಹೇಳಿರಲಿಲ್ಲವೇ?

ಇಂಥವು ಬೇಕಾದಷ್ಟಿವೆ. 1987ರಲ್ಲಿ ಮಿಲ್ವಾಕಿ ಮೊದಲ 13ನ್ನೂ ಗೆದ್ದಿತು. ಮೇ ತಿಂಗಳಲ್ಲಿ ಸತತ 12 ಸೋತಿತು. 2003ರಲ್ಲಿ ಕ್ಯಾನ್ಸಸ್ ಸಿಟಿ ಒಂಬತ್ತಕ್ಕೆ ಒಂಬತ್ತು ಗೆದ್ದು ಕೊನೆಗೆ ಮೂರನೆಯ ಸ್ಥಾನಕ್ಕಿಳಿಯಿತು. ತದ್ವಿರುದ್ಧವಾಗಿ 2019ರ ವಾಷಿಂಗ್ಟನ್: ಮೇ 23ರ ಹೊತ್ತಿಗೆ 19 ಗೆಲುವು, 31 ಸೋಲು, ಅಕ್ಟೋಬರ್ ಮುಗಿಯುವಾಗ ವರ್ಷದ ಕೊನೆಯ ಫೈನಲ್ ಆದ ವಿಶ್ವ ಸರಣಿಯ ಟ್ರೋಫಿ ಅವರ ಕೈಯಲ್ಲಿತ್ತು. ನನ್ನ ವಾದ ಕೆಡಿಸುವವರೂ ಇದ್ದಾರೆ, ಮುಚ್ಚಿಡುವುದಿಲ್ಲ. 1984ರಲ್ಲಿ ಡೆಟ್ರಾಯಿಟ್ ಮೊದಲ 40ರಲ್ಲಿ 35 ಗೆದ್ದಿತು, ಕೊನೆಗೆ ಟ್ರೋಫಿಯನ್ನೂ ಗೆದ್ದಿತು. 1988ರಲ್ಲಿ ಬಾಲ್ಟಿಮೋರ್ ಮೊದಲ 21ನ್ನೂ ಸೋತಿತು. ಆರನೆಯ ಸೋಲಿಗೇ ಮ್ಯಾನೇಜರನ್ನು ಮನೆಗೆ ಕಳಿಸಿದರು; ಹೊಸ ಮ್ಯಾನೇಜರ್ ಬಂದ ಮೇಲೆ ಇನ್ನೂ ಹದಿನೈದು ಸೋತರು. ಅವರ ಲೆಕ್ಕ 107 ಸೋಲಿಗೆ ಮುಗಿಯಿತು. ಅಲ್ಲಿ ಏಪ್ರಿಲ್ ನಿಜವನ್ನೇ ಹೇಳಿತ್ತು. ಆದರೆ ಏಪ್ರಿಲ್ ಯಾವ ವರ್ಷ ನಿಜ ಹೇಳುತ್ತಿದೆ ಎಂಬುದು ಏಪ್ರಿಲ್‌ನಲ್ಲೇ ಗೊತ್ತಾಗುವ ಹಾಗಿದ್ದರೆ ನಾನು ಟಿಕೆಟ್ ವಿಚಾರದಲ್ಲಿ ಬಾಯಿ ಹಾಕುತ್ತಿರಲಿಲ್ಲ.

ಗೆಲ್ಲುತ್ತಾರೆಯೇ ಎಂದು ಕೇಳುವವರಲ್ಲಿ ಒಬ್ಬರಾದರೂ, "ಸೋಲುತ್ತಾರೆಂದು ಗೊತ್ತಿದ್ದೂ ಜೂನ್‌ನಲ್ಲಿ ಹೋಗಿ ಏನು ನೋಡುತ್ತೀಯ?" ಎಂದು ಕೇಳಬಾರದೇ?

ಅದೇ ವರ್ಷದ ಜೂನ್ 19, ಸೋಮವಾರ. ಸತತ ಹತ್ತು ಸೋಲಿನ ಸರಣಿಯ ನಡುವಿನ ದಿನ. ಕ್ರೀಡಾಂಗಣಕ್ಕೆ ನೇರ ಹೋಗುವ ಹಳದಿ ಕ್ಲೆಮೆಂಟೆ ಸೇತುವೆ ದುರಸ್ತಿಗೆಂದು ಮುಚ್ಚಿದ್ದರಿಂದ ಪಕ್ಕದ ವಾರ್ಹೋಲ್ ಸೇತುವೆ ದಾಟಿ ನಡೆದು ಹೋದೆ. ನಾನು ಪೆನ್ಸಿಲ್ ಹಿಡಿದು ಹಾಳೆಯ ಮೇಲೆ ಸ್ಕೋರ್ ಬರೆಯುವವಳು. ಬೀಸಿದ ಬ್ಯಾಟಿಗೆ ಚೆಂಡು ಸಿಗದೆ ಔಟಾದವನಿಗೆ 'ಕೆ'. ಬೀಸದೆ ನಿಂತೇ ಔಟಾದವನಿಗೆ ಅದೇ ಇಂಗ್ಲಿಷ್ ಅಕ್ಷರ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಸೋಲುವ ವಾರಗಳಲ್ಲಿ ಕೈಗೆ ಈ ತಿರುಗು 'ಕೆ' ಚೆನ್ನಾಗಿ ಪಳಗುತ್ತದೆ. ಅಂದು ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 2021ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾಗಿದ್ದ ಹೆನ್ರಿ ಡೇವಿಸ್‌ನ ಮೊದಲ ಪಂದ್ಯ. ಮೊದಲ ಸರದಿಯಲ್ಲೇ ಡಬಲ್ ಹೊಡೆದ, ಒಂದೇ ಹೊಡೆತಕ್ಕೆ ಎರಡನೇ ಬೇಸ್ ಮುಟ್ಟಿದ. ಸೋತು ಸೋತು ಮಂಕಾಗಿದ್ದವರೆಲ್ಲ ಎದ್ದು ನಿಂತರು. ಪಕ್ಕದ ಸೀಟಿನ ಅಜ್ಜಿ ನನ್ನ ಭುಜ ಹಿಡಿದು ಅಲುಗಾಡಿಸಿದ್ದರಿಂದ ಎರಡನೇ ಬೇಸ್‌ಗೆ ನಾನು ಎಳೆದ ಗೆರೆ ಚೌಕದಾಚೆ ಹೋಯಿತು. ಪಂದ್ಯ ಸೋತೆವು, ಅದರಲ್ಲೇನು ವಿಶೇಷ.

ಆ ಹಾಳೆ ಈಗಲೂ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ. ಅದರ ಪಕ್ಕದಲ್ಲಿ, ಆಗಸ್ಟ್‌ನಲ್ಲಿ ದುಪ್ಪಟ್ಟು ಬೆಲೆಗೆ ಕೊಂಡ ದಸರೆಯ ಟಿಕೆಟ್‌ಗಳ ರಸೀದಿಯೂ ಇದೆ. ಅದನ್ನು ಅಂಟಿಸಿದ್ದು ನಾನಲ್ಲ.