ವಿಆರ್ ಹೆಡ್‌ಸೆಟ್ ಬೇಕಾ, ಬ್ರೌಸರ್ ಸಾಕಾ?

ಕಾರ್ಖಾನೆಗಳ ಸುರಕ್ಷತಾ ತರಬೇತಿಗೆ ತ್ರೀಡಿ ಪಾಠ ಮಾಡಿಕೊಡುವುದು ನನ್ನ ಕೆಲಸ. ಬೆಂಗಳೂರಿನ ಒಂದು ಸಣ್ಣ ತಂಡ ನಮ್ಮದು. ಹೊಸ ಗ್ರಾಹಕರು ಫೋನ್ ಮಾಡಿದರೆ ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಎಷ್ಟು ಹೆಡ್‌ಸೆಟ್ ತಗೋಬೇಕು ಮೇಡಂ?" ಹೆಡ್‌ಸೆಟ್ ಅಂದರೆ ತಲೆಗೆ ಕಟ್ಟಿಕೊಂಡು, ತ್ರೀಡಿ ಜಾಗದ ಒಳಗೇ ನಿಂತಂತೆ ನೋಡುವ ವಿಆರ್ ಸಾಧನ. ನಾನು ತಿರುಗಿ ಕೇಳುವುದು ಬೇರೆ. ಪಾಠ ಮುಗಿದ ಮೇಲೆ ಕೆಲಸಗಾರರಿಗೆ ವಿಷಯ ಗೊತ್ತಾಗಿದ್ದರೆ ಸಾಕಾ, ಇಲ್ಲಾ ಅವರ ಕೈಗೆ ಅದು ರೂಢಿಯಾಗಬೇಕಾ? ಗೊತ್ತಾದರೆ ಸಾಕು ಅನ್ನುವ ಕಡೆ ಫೋನಿನ ಬ್ರೌಸರ್‌ನಲ್ಲಿ ತೆರೆಯುವ ಪಾಠ ಸಾಕು. ಕೈಕಾಲಿಗೆ ರೂಢಿಯಾಗಬೇಕಾದ ಕೆಲಸ ಇದ್ದರೆ ಮಾತ್ರ ಹೆಡ್‌ಸೆಟ್ಟಿನ ಮಾತು.

ಲಾಕ್‌ಔಟ್ ಟ್ಯಾಗ್‌ಔಟ್ ತಗೊಳ್ಳಿ. ರಿಪೇರಿಗೆ ಮುಂಚೆ ಯಂತ್ರಕ್ಕೆ ಬರುವ ಕರೆಂಟ್ ತೆಗೆದು, ಐಸೊಲೇಟರಿಗೆ (ಕರೆಂಟ್ ಸಂಪರ್ಕ ಕಡಿಯುವ ಸ್ವಿಚ್ಚಿಗೆ) ನಮ್ಮದೇ ಬೀಗ ಹಾಕಿ, ಹೆಸರಿನ ಟ್ಯಾಗ್ ಕಟ್ಟಿ, ಕೀ ಜೇಬಿಗೆ ಹಾಕಿಕೊಳ್ಳುವ ಕ್ರಮ ಇದು. ಅಷ್ಟಕ್ಕೇ ಮುಗಿಯುವುದಿಲ್ಲ. ಟೆಸ್ಟರ್ ಸರಿ ಇದೆಯಾ ಅಂತ ಮೊದಲು ಕರೆಂಟ್ ಇರುವ ಬೇರೆ ಜಾಗದಲ್ಲಿ ನೋಡಬೇಕು. ಆಮೇಲೆ ಪ್ಯಾನೆಲ್‌ನಲ್ಲಿ ನೋಡಬೇಕು. ಕೊನೆಗೆ ಮತ್ತೆ ಆ ಮೊದಲ ಜಾಗಕ್ಕೇ ಹೋಗಿ ನೋಡಬೇಕು. ಯಾಕೆಂದರೆ ನಡುವೆ ಟೆಸ್ಟರ್ ಕೆಟ್ಟಿದ್ದರೆ, ಪ್ಯಾನೆಲ್‌ನಲ್ಲಿ ಕರೆಂಟ್ ಇದ್ದರೂ ಅದು ಇಲ್ಲ ಅಂತಲೇ ತೋರಿಸುತ್ತದೆ. ಜನ ಜಾಸ್ತಿ ಬಿಡುವುದು ಈ ಕೊನೆಯ ಹೆಜ್ಜೆಯನ್ನೇ.

ಇದನ್ನು ಫೋನಿನಲ್ಲಿ ಅಭ್ಯಾಸ ಮಾಡಿಸುವುದು ಕಷ್ಟ. ಸಣ್ಣ ಪರದೆ, ಹಾಗಾಗಿ ಒತ್ತಬೇಕಾದ ವಸ್ತು ಎದ್ದು ಕಾಣಲೇಬೇಕು. ಎದ್ದು ಕಂಡರೆ ಉತ್ತರ ಹೇಳಿಕೊಟ್ಟಂತೆ ಅಲ್ವಾ? ಹೊಳೆಯುವುದನ್ನೆಲ್ಲ ಒತ್ತುತ್ತಾ ಹೋದರೆ ಪೂರ್ತಿ ಮಾರ್ಕ್ಸ್. ಹೆಡ್‌ಸೆಟ್‌ನಲ್ಲಿ ಹಾಗಲ್ಲ. ಸುತ್ತಲೂ ಇಡೀ ಎಲೆಕ್ಟ್ರಿಕಲ್ ರೂಮ್ ಇರುತ್ತದೆ. ಟೆಸ್ಟರ್ ಪರೀಕ್ಷಿಸುವ ಜಾಗವನ್ನು ನಾವು ಬೇಕೆಂದೇ ಬೆನ್ನ ಹಿಂದೆ ಇಟ್ಟಿದ್ದೇವೆ. ಯಾವುದೂ ಹೊಳೆಯುವುದಿಲ್ಲ, ಯಾರೂ ನೆನಪಿಸುವುದಿಲ್ಲ. ತಾನಾಗಿ ತಿರುಗಿ ನಾಲ್ಕು ಹೆಜ್ಜೆ ನಡೆಯಬೇಕು. ಅನುಭವ ಇರುವ ಎಲೆಕ್ಟ್ರಿಷಿಯನ್‌ಗಳೂ ಬೀಗ ಹಾಕಿ, ಪ್ಯಾನೆಲ್ ನೋಡಿ, ಸೀದಾ ಟರ್ಮಿನಲ್‌ಗೆ ಕೈ ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಪಾಠ ಅಲ್ಲೇ ನಿಲ್ಲುತ್ತದೆ. "ಅಯ್ಯೋ, ಟೆಸ್ಟರ್ ಇನ್ನೊಂದ್ಸಲ ನೋಡ್ಲೇ ಇಲ್ಲ" ಅಂತ ಅವರೇ ಹೇಳುತ್ತಾರೆ. ಎರಡನೇ ಸಲಕ್ಕೆ ಮೈ ತಾನಾಗಿ ತಿರುಗುತ್ತದೆ. ಇಷ್ಟಕ್ಕಾಗಿ ದುಡ್ಡು ಹಾಕಬಹುದು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಹೆಡ್‌ಸೆಟ್ ಎಲ್ಲವನ್ನೂ ಕಲಿಸುವುದಿಲ್ಲ. ಬೀಗದ ತೂಕ, ತುಕ್ಕು ಹಿಡಿದ ಹಿಡಿಕೆಯ ಬಿಗಿ ಹೆಡ್‌ಸೆಟ್ ಜೊತೆ ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ನಲ್ಲಿ ಗೊತ್ತಾಗದು. ಕರೆಂಟ್ ಇಲ್ಲದ ಒಂದು ಹಳೇ ಪ್ಯಾನೆಲ್ ಮೂಲೆಯಲ್ಲಿ ಬಿದ್ದಿದ್ದರೆ, ಬೀಗ ಹಾಕುವುದನ್ನು ಅದರ ಮೇಲೇ ಕಲಿಸಿ ಅಂತ ನಾನೇ ಹೇಳುತ್ತೇನೆ.

ಈಗ ಇನ್ನೊಂದು ಕಡೆ ನೋಡಿ. ಗುತ್ತಿಗೆ ಕಾರ್ಮಿಕರು ಬೆಳಿಗ್ಗೆ ಗೇಟಿಗೆ ಬರುತ್ತಾರೆ. ತುರ್ತು ಬಾಗಿಲು ಎಲ್ಲಿದೆ, ಫೋರ್ಕ್‌ಲಿಫ್ಟ್ ಯಾವ ದಾರಿಯಲ್ಲಿ ಓಡಾಡುತ್ತದೆ, ಅಲಾರಂ ಆದರೆ ಎಲ್ಲಿ ಸೇರಬೇಕು ಇಷ್ಟು ಅವರಿಗೆ ಗೊತ್ತಾಗಬೇಕು. ಇದಕ್ಕೆ ಒಬ್ಬೊಬ್ಬರ ತಲೆಗೂ ಹೆಡ್‌ಸೆಟ್ ಹಾಕುತ್ತಾ ಕೂತರೆ ಶಿಫ್ಟೇ ಮುಗಿದುಹೋಗುತ್ತದೆ. ಗೇಟಲ್ಲಿ ಒಂದು ಕ್ಯೂಆರ್ ಕೋಡ್ ಅಂಟಿಸಿದರೆ ಆಯಿತು. ಅವರವರ ಫೋನಲ್ಲೇ ಶೆಡ್ಡಿನ ತ್ರೀಡಿ ಮಾದರಿ ತೆರೆದುಕೊಳ್ಳುತ್ತದೆ. ಬೆರಳಿಂದ ತಿರುಗಿಸಿ ನೋಡಬಹುದು. ಆ್ಯಪ್ ಬೇಡ, ಲಾಗಿನ್ ಬೇಡ. ನಾಳೆ ಒಂದು ಬಾಗಿಲು ಮುಚ್ಚಿದರೆ ಸರ್ವರ್‌ನಲ್ಲಿ ಬದಲಾಯಿಸಿದರೆ ಸಾಕು, ಮುಂದೆ ತೆರೆಯುವವರಿಗೆಲ್ಲ ಹೊಸದೇ ಕಾಣುತ್ತದೆ.

ಬ್ರೌಸರ್‌ನಿಂದಲೇ ವಿಆರ್, ಎಆರ್ ಪಾಠ ತೆರೆಯಲು ಬಿಡುವ ವೆಬ್‌ಎಕ್ಸ್‌ಆರ್ ಅನ್ನುವ ವ್ಯವಸ್ಥೆ 2019ರ ಡಿಸೆಂಬರ್‌ನಲ್ಲಿ ಕ್ರೋಮ್ 79ರ ಜೊತೆ ಬಂತು. ಫೋನಲ್ಲಿ ಚಪ್ಪಟೆಯಾಗಿ ಕಾಣುವ ಅದೇ ಲಿಂಕನ್ನು ಮೆಟಾ ಕಂಪನಿಯ ಕ್ವೆಸ್ಟ್ ಹೆಡ್‌ಸೆಟ್‌ನ ಬ್ರೌಸರ್‌ನಲ್ಲಿ ತೆರೆದು ಒಳಗೇ ನಿಲ್ಲಬಹುದು. ಆದರೆ ಐಫೋನಿನ ಬ್ರೌಸರ್ ಸಫಾರಿಯಲ್ಲಿ ವೆಬ್‌ಎಕ್ಸ್‌ಆರ್ ನಡೆಯುವುದಿಲ್ಲ. ಆದ್ದರಿಂದ ಗೇಟಿನ ಪಾಠದಲ್ಲಿ ನಾನು ಕ್ಯಾಮೆರಾ, ಎಆರ್ (ಕ್ಯಾಮೆರಾದಲ್ಲಿ ಕಾಣುವ ನಿಜ ಜಾಗದ ಮೇಲೆ ತ್ರೀಡಿ ತೋರಿಸುವುದು) ಅಂತ ಏನೂ ಇಡುವುದಿಲ್ಲ. ಸುಮ್ನೆ ತಿರುಗಿಸಿ ನೋಡುವ ತ್ರೀಡಿ ಎಲ್ಲರ ಫೋನಲ್ಲೂ ಓಡುತ್ತದೆ.

ಬ್ರೌಸರ್ ಅಂದರೆ ಹಗುರ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಡೌನ್‌ಲೋಡ್ ಹಗುರ ಇರಬಹುದು, ಮೆಮೊರಿ ಕಥೆ ಬೇರೆ. ತ್ರೀಡಿ ಶೆಡ್ಡಿನ ಗೋಡೆಗೆ ಹಾಕಿದ 4096 x 4096 ಪಿಕ್ಸೆಲ್ ಅಳತೆಯ ಒಂದು ಜೆಪೆಗ್ ಚಿತ್ರ ಇಳಿಯುವಾಗ ಎರಡೋ ಮೂರೋ ಎಂಬಿ ಇರಬಹುದು. ಫೋನಿನ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ ಅದು 64 ಎಂಬಿ. ಅಂಥ ಹತ್ತು ಚಿತ್ರ ಇದ್ದರೆ ಸಾಧಾರಣ ಫೋನಲ್ಲಿ ಪುಟ ತಾನೇ ಮುಚ್ಚಿಕೊಳ್ಳುತ್ತದೆ. ಕೆಟಿಎಕ್ಸ್2 ಅನ್ನುವ ಫೈಲ್ ರೂಪಕ್ಕೆ ಬದಲಾಯಿಸಿದರೆ ಚಿತ್ರ ಗ್ರಾಫಿಕ್ಸ್ ಚಿಪ್‌ನಲ್ಲೂ ಕುಗ್ಗಿದಂತೆಯೇ ಇರುತ್ತದೆ. ನಿಮಗೆ ಪಾಠ ಮಾಡಿಕೊಡುವವರು ಈ ಕೆಲಸ ಮಾಡಿದ್ದಾರಾ ಅಂತ ಕೇಳಿ. ಅವರು ತಮ್ಮ ದುಬಾರಿ ಫೋನಲ್ಲಿ ತೋರಿಸಿದ್ದನ್ನು ನೋಡಿ ಒಪ್ಪಬೇಡಿ, ಸೆಕ್ಯೂರಿಟಿ ಅಣ್ಣನ ಫೋನಲ್ಲಿ ತೆರೆಸಿ ನೋಡಿ.

ಹೆಡ್‌ಸೆಟ್ ಕಡೆ ಲೆಕ್ಕ ಇನ್ನೂ ಬಿಗಿ. ಸೆಕೆಂಡಿಗೆ 72 ಸಲ ಚಿತ್ರ ಬದಲಾಗಬೇಕು ಅಂದರೆ ಒಂದೊಂದಕ್ಕೆ ಸಿಗುವುದು 14 ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ಎರಡೂ ಕಣ್ಣಿಗೆ ಬೇರೆ ಬೇರೆ ಚಿತ್ರ ಬಿಡಿಸಬೇಕು. ಕಂಪನಿಯವರು ಕೊಡುವ ಕ್ಯಾಡ್ ಫೈಲಿನಲ್ಲಿ (ಯಂತ್ರದ ಕಂಪ್ಯೂಟರ್ ವಿನ್ಯಾಸದಲ್ಲಿ) ಎಷ್ಟೋ ಸಲ ಪ್ರತಿ ಬೋಲ್ಟಿನ ಥ್ರೆಡ್ಡೂ ಇರುತ್ತದೆ. ಅದನ್ನೆಲ್ಲ ತೆಗೆದು, ಕಾಣುವಷ್ಟನ್ನೇ ಉಳಿಸುವುದು ನಮ್ಮ ತಂಡಕ್ಕೆ ದೊಡ್ಡ ಕೆಲಸ. ಬ್ರೌಸರ್ ನಡುನಡುವೆ ಬೇಡದ ಮೆಮೊರಿ ಖಾಲಿ ಮಾಡಲು ಒಂದು ಕ್ಷಣ ನಿಂತರೆ ಫೋನಲ್ಲಿ ಯಾರಿಗೂ ಗೊತ್ತಾಗದು, ಹೆಡ್‌ಸೆಟ್‌ನಲ್ಲಿ ತಲೆ ತಿರುಗುತ್ತದೆ. ಅದಕ್ಕೇ ಲಾಕ್‌ಔಟ್‌ನಂಥ ಅಭ್ಯಾಸಗಳನ್ನು ಹೆಡ್‌ಸೆಟ್‌ಗೇ ಬೇರೆ ಆ್ಯಪ್ ಮಾಡುತ್ತೇವೆ.

ಖರೀದಿ ವಿಭಾಗದವರು ಕೇಳದೆ ಬಿಡುವ ಪ್ರಶ್ನೆ ಒಂದಿದೆ: ಈ ಹೆಡ್‌ಸೆಟ್‌ಗಳನ್ನು ದಿನಾ ನೋಡಿಕೊಳ್ಳುವವರು ಯಾರು? ಒಂದು ಚಾರ್ಜ್‌ಗೆ ಸುಮಾರು ಎರಡು ಗಂಟೆ ಓಡುತ್ತದೆ. ಬೇಸಿಗೆಯಲ್ಲಿ ಒಬ್ಬರ ಬೆವರು ಇನ್ನೊಬ್ಬರ ಮುಖಕ್ಕೆ ತಾಗದಂತೆ ಪ್ರತಿ ಸಲ ಒರೆಸಬೇಕು, ಆದರೆ ಲೆನ್ಸಿಗೆ ಸ್ಪಿರಿಟ್ ತಾಗಿಸಬಾರದು, ಒಣ ಮೈಕ್ರೋಫೈಬರ್ ಬಟ್ಟೆ ಮಾತ್ರ. ಕಿಟಕಿ ಪಕ್ಕ ಬಿಟ್ಟರೆ ಬಿಸಿಲು ಲೆನ್ಸಿನ ಮೂಲಕ ಹಾದು ಒಳಗಿನ ಪರದೆಯನ್ನು ಸುಡುತ್ತದೆ. ತರಬೇತಿ ಶುರುವಾಗುವ ಹೊತ್ತಿಗೇ ಅಪ್‌ಡೇಟ್ ಕೇಳುವುದೂ ಉಂಟು. ಇದಕ್ಕೆ ಒಬ್ಬರ ಹೆಸರು ಬರೆದುಕೊಡದ ಕಾರ್ಖಾನೆಗೆ ಹೆಡ್‌ಸೆಟ್ ತಗೊಳ್ಳಿ ಅಂತ ನಾನು ಹೇಳುವುದಿಲ್ಲ.

ಕರಾರಿನ ವಿಷಯ ಒಂದು ಹೇಳಬೇಕು. 2019ರಲ್ಲಿ ಬಂದ ಮೊದಲ ಕ್ವೆಸ್ಟ್‌ಗೆ ಹೊಸ ಸೌಲಭ್ಯಗಳನ್ನು ಕೊಡುವುದನ್ನು ಮೆಟಾ 2023ರಲ್ಲೇ ನಿಲ್ಲಿಸಿತು. ಬ್ರೌಸರ್ ಕಡೆಯೂ ಅಷ್ಟೇ, ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ, ಬ್ರೌಸರ್‌ನಲ್ಲೇ ತ್ರೀಡಿ ಕೋಣೆಯಲ್ಲಿ ಸೇರುವ ತನ್ನ ಹಬ್ಸ್ ಸೇವೆಯನ್ನು 2024ರಲ್ಲಿ ಮುಚ್ಚಿತು. ಎರಡರಲ್ಲಿ ಯಾವುದನ್ನು ಆರಿಸಿದರೂ ನಿಮ್ಮ ಯಂತ್ರಗಳ ತ್ರೀಡಿ ಮಾದರಿಗಳು ನಿಮ್ಮ ಕೈಯಲ್ಲಿರಲಿ. ಜಿಎಲ್‌ಟಿಎಫ್ ಅನ್ನುವ ತ್ರೀಡಿ ಫೈಲ್ ರೂಪದಲ್ಲಿ, ಕುಗ್ಗಿಸುವ ಮುಂಚಿನ ಮೂಲ ಚಿತ್ರಗಳ ಸಮೇತ ಕೊಡಬೇಕು ಅಂತ ಬರೆಸಿಕೊಳ್ಳಿ. 2022ರಿಂದ ಜಿಎಲ್‌ಟಿಎಫ್ ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡ, ಯಾವ ತಂಡಕ್ಕೆ ಕೊಟ್ಟರೂ ತೆರೆಯುತ್ತಾರೆ. ನಾವಂತೂ ಕೊನೆಯ ಬಿಲ್ಲಿನ ಜೊತೆಗೇ ಆ ಫೋಲ್ಡರ್ ಕಳಿಸುತ್ತೇವೆ.